ಸೂಪರ್‌ವೈಸರ್ ಮುಂದೆ ‘ಹೂಂ ಮೇಡಂ’ ಬಿಟ್ಟು ಬೇರೆ ಮಾತೇ ಹೊರಡಲ್ಲ

ತುಂಗೆದಂಡೆ · ಸೋಮವಾರ ರಾತ್ರಿ 10.42

ನಮಸ್ಕಾರ. ಇಲ್ಲಿ ಎಲ್ಲರೂ ಬರೆದಿದ್ದನ್ನ ತುಂಬಾ ದಿನದಿಂದ ಓದ್ತಾ ಇದ್ದೆ, ಬರೀತಿರೋದು ಇದೇ ಮೊದಲು.

ಶಿವಮೊಗ್ಗದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದೀನಿ. ಎಂ.ಫಿಲ್ ಮುಗಿದು ಮೂರು ವರ್ಷ. ಸೂಪರ್‌ವಿಷನ್ ಅಂದ್ರೆ ನಮ್ಮ ಕೇಸುಗಳನ್ನ ಹಿರಿಯರೊಬ್ಬರ ಹತ್ರ ಹೇಳಿ ಸಲಹೆ ತಗೊಳ್ಳೋದು. ಓದೋವಾಗ ಅದು ಕಾರಿಡಾರಲ್ಲಿ ನಿಂತು ಫೈಲ್ ತೋರಿಸಿ ಸಹಿ ಹಾಕಿಸ್ಕೊಳ್ಳೋದು, ಅಷ್ಟೇ. ಕೆಲಸಕ್ಕೆ ಸೇರಿದ್ಮೇಲೆ ಸ್ವಂತ ದುಡ್ಡು ಕೊಟ್ಟಾದ್ರೂ ಸರಿಯಾದ ಸೂಪರ್‌ವಿಷನ್ ತಗೋಬೇಕು ಅಂತ ಹಟ ಮಾಡಿ, ಬೆಂಗಳೂರಲ್ಲಿರೋ ಹಿರಿಯ ಮೇಡಂ ಒಬ್ಬರನ್ನ ಹುಡುಕಿದೆ. ಹದಿನೈದು ದಿನಕ್ಕೊಮ್ಮೆ ವಿಡಿಯೊ ಕಾಲ್. ಒಂದೂವರೆ ವರ್ಷ ಆಯ್ತು. ಒಳ್ಳೆಯವರು, ತುಂಬಾ ಓದಿಕೊಂಡವರು. ಒಂದು ದಿನಾನೂ ಗದರಿಲ್ಲ.

ಹೋದ ಸಲ ನಾನು ಅವರಿಗೆ ಸುಳ್ಳು ಹೇಳಿದೆ.

ಒಬ್ಬ ಕ್ಲೈಂಟ್ ಇದ್ದಾರೆ, ನಲವತ್ತರ ಆಸುಪಾಸು. ಮನೆಯ ಹಿರಿಯರೊಬ್ಬರ ಎದುರು ‘ಇಲ್ಲ’ ಅನ್ನೋ ಮಾತು ಅವರ ಬಾಯಲ್ಲಿ ಬರಲ್ಲ. ನಿದ್ದೆ ಇಲ್ಲ, ಎದೆ ಭಾರ. ನನ್ನ ಹತ್ರಾನೂ ಹಾಗೇ. ಏನು ಹೇಳಿದ್ರೂ ‘ನೀವು ಹೇಳಿದ್ಮೇಲೆ ಆಯ್ತಲ್ಲ ಮೇಡಂ’. ಮುಂದಿನ ವಾರ ಬಂದು ನೋಡಿದ್ರೆ ಏನೂ ಮಾಡಿರಲ್ಲ. ಮೇಡಂ ನನಗೆ ಹೇಳಿದ್ರು, ‘ಈ ಒಪ್ಪಿಕೊಳ್ಳೋ ಅಭ್ಯಾಸದ ಬಗ್ಗೇನೇ ಅವರ ಹತ್ರ ಮಾತೆತ್ತು’ ಅಂತ. ‘ಹೂಂ ಮೇಡಂ’ ಅಂದೆ. ಎರಡು ಸೆಷನ್ ಕಳೀತು, ಎತ್ತಲಿಲ್ಲ. ಯಾಕೋ ನಾಲಿಗೆ ಹೊರಳಲಿಲ್ಲ.

ಹೋದ ಸಲ ಕೇಳಿದ್ರು: ‘ಎತ್ತಿದ್ಯಾ?’

‘ಎತ್ತಿದೆ ಮೇಡಂ.’

‘ಏನಂದ್ರು?’

ಅಲ್ಲಿ ಸಿಕ್ಕಿಬಿದ್ದೆ. ಕ್ಲೈಂಟ್ ಪರವಾಗಿ ಒಂದು ಡೈಲಾಗ್ ಕಟ್ಟಿದೆ. ‘ಚಿಕ್ಕಂದಿನಿಂದ ಜಗಳ ಅಂದ್ರೆ ಮನೆ ಒಡೆಯೋದು ಅಂತಲೇ ನಂಬಿದ್ದೆ ಅಂದ್ರು’ ಅಂದೆ. ಮೇಡಂ ಖುಷಿಪಟ್ಟು ಬರ್ಕೊಂಡ್ರು. ಆ ವಾಕ್ಯದ ಮೇಲೇನೇ ಮುಂದಿನ ಮೂರು ಸೆಷನ್ನಿನ ಪ್ಲಾನ್ ಹೇಳಿದ್ರು. ನಾನು ಅದನ್ನೂ ಬರ್ಕೊಂಡೆ.

ಇನ್ನೊಂದು ಸಣ್ಣದು. ಆ ಕ್ಲೈಂಟ್ ಒಂದಿನ ಕವರಲ್ಲಿ ಕಳಲೆ (ಎಳೆ ಬಿದಿರು) ತಂದುಕೊಟ್ರು. ಬೇಡ ಅನ್ನೋಕಾಗ್ಲಿಲ್ಲ. ಅದನ್ನೂ ಮೇಡಂಗೆ ಹೇಳಿಲ್ಲ.

ನಿಮಗೆ ಯಾರಿಗಾದ್ರೂ ಹೀಗಾಗಿದ್ಯಾ? ಅಥವಾ ನಾನು ಈ ಕೆಲಸಕ್ಕೇ ಲಾಯಕ್ಕಿಲ್ವಾ?

*(ತಿದ್ದಿದ್ದು ಮಂಗಳವಾರ: ಊರು, ಕೆಲಸ, ಮನೆಯವರ ವಿವರ ತೆಗೆದಿದ್ದೀನಿ. ಕೆಳಗೆ ನಿರ್ವಾಹಕರ ಮಾತು ನೋಡಿ.)*

---

ಕಾಡುಹಾದಿ · ಸೋಮವಾರ ರಾತ್ರಿ 11.15

ಮೊದಲನೇ ಪ್ರಶ್ನೆ, ಕಳಲೆ ಪಲ್ಯ ಮಾಡಿದ್ರಾ ಇಲ್ವಾ?

ತಮಾಷೆ ಬಿಡಿ. ಮಾರಾಯ್ತಿ, ಲಾಯಕ್ಕಿಲ್ಲ ಅನ್ನೋದಾದ್ರೆ ನಾವೆಲ್ಲ ಅಂಗಡಿ ಮುಚ್ಚಬೇಕು. ಅಮೆರಿಕದಲ್ಲಿ ಲಡಾನಿ ಅನ್ನೋರು, ಅವರ ಜೊತೆಗಾರರು 1996ರಲ್ಲಿ ಒಂದು ಅಧ್ಯಯನ ಮಾಡಿದ್ರು, ತರಬೇತಿಯಲ್ಲಿರೋ ಥೆರಪಿಸ್ಟ್‌ಗಳು ಸೂಪರ್‌ವೈಸರ್ ಹತ್ರ ಏನೇನು ಮುಚ್ಚಿಡ್ತಾರೆ ಅಂತ. ಏನಾದ್ರೂ ಒಂದು ಮುಚ್ಚಿಟ್ಟಿದ್ದೀವಿ ಅಂತ ಒಪ್ಪಿಕೊಂಡವರು ಶೇ. 97. ಅತಿ ಹೆಚ್ಚು ಜನ ಮುಚ್ಚಿಟ್ಟಿದ್ದು ಕ್ಲೈಂಟ್ ವಿಷಯ ಅಲ್ಲ, ಸೂಪರ್‌ವೈಸರ್ ಬಗ್ಗೆ ತಮಗಿದ್ದ ಅಸಮಾಧಾನ!

ನಾನು ಸಾಗರದಲ್ಲಿ ಕೌನ್ಸೆಲರ್. ನನ್ನ ಮೊದಲ ಸೂಪರ್‌ವೈಸರ್ ಹತ್ರ ಎಂಟು ತಿಂಗಳು ಒಬ್ಬ ಕ್ಲೈಂಟ್ ಬಗ್ಗೆ ಒಂದಕ್ಷರ ಹೇಳಿರಲಿಲ್ಲ. ಎಂತಕ್ಕೆ ಅಂದ್ರೆ ಆ ಕ್ಲೈಂಟನ್ನ ಕಂಡ್ರೆ ನಂಗೆ ಆಗ್ತಿರ್ಲಿಲ್ಲ. ಅಷ್ಟೇ ಕಾರಣ.

---

ಹಳೇಬಾಗಿಲು · ಮಂಗಳವಾರ ಬೆಳಿಗ್ಗೆ 6.20

ತಂಗೀ, ನಿನ್ನ ಬರಹವನ್ನು ಎರಡು ಸಲ ಓದಿದೆ. ನಾನು ಈ ಕೆಲಸದಿಂದ ನಿವೃತ್ತನಾಗಿ ತೀರ್ಥಹಳ್ಳಿ ಕಡೆ ಇದ್ದೇನೆ. ಮೂವತ್ತು ವರ್ಷದಲ್ಲಿ ಬಹಳ ಜನ ಕಿರಿಯರ ಕೇಸು ಕೇಳಿದ್ದೇನೆ.

ನಿನ್ನದೇ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡು. ಕ್ಲೈಂಟ್ ನಿನಗೆ ಹೇಳುವುದು: ‘ನೀವು ಹೇಳಿದ್ಮೇಲೆ ಆಯ್ತಲ್ಲ.’ ಹೇಳಿ ಮಾಡುವುದಿಲ್ಲ. ನೀನು ಮೇಡಂಗೆ ಹೇಳುವುದು: ‘ಹೂಂ ಮೇಡಂ.’ ಹೇಳಿ ಮಾಡುವುದಿಲ್ಲ.

ಇದನ್ನು ಹೆರಾಲ್ಡ್ ಸರ್ಲ್ಸ್ ಎಂಬ ಮನೋವಿಶ್ಲೇಷಕ 1955ರಲ್ಲೇ ಗಮನಿಸಿ ಬರೆದಿದ್ದ. ರೋಗಿ ಮತ್ತು ಥೆರಪಿಸ್ಟ್ ನಡುವೆ ನಡೆಯುತ್ತಿರುವುದು ಥೆರಪಿಸ್ಟ್ ಮತ್ತು ಸೂಪರ್‌ವೈಸರ್ ನಡುವೆಯೂ ನೆರಳಿನಂತೆ ಮೂಡುತ್ತದೆ ಎಂದು. ಮೂರು ವರ್ಷದ ನಂತರ ಎಕ್‌ಸ್ಟೈನ್, ವಾಲರ್‌ಸ್ಟೈನ್ ಇಬ್ಬರೂ ಸೇರಿ ಬರೆದ ಪುಸ್ತಕದಿಂದ ‘ಪ್ಯಾರಲಲ್ ಪ್ರೋಸೆಸ್’ ಎಂಬ ಹೆಸರು ಬಳಕೆಗೆ ಬಂತು. ನೀನು ಬಾಯಲ್ಲಿ ಹೇಳಲಾಗದೆ ಹೋದ ಕ್ಲೈಂಟಿನ ಕಷ್ಟವನ್ನು ಮೇಡಂ ಎದುರು ಮಾಡಿ ತೋರಿಸುತ್ತಿದ್ದೀಯ. ಗೊತ್ತಿಲ್ಲದೆ.

ಸುಳ್ಳು ಹೇಳಿದ್ದು ತಪ್ಪೇ. ಆದರೆ ಆ ಕ್ಲೈಂಟಿನ ಬಗ್ಗೆ ನಿನ್ನ ನೋಟ್ಸಿನಲ್ಲಿ ಇಲ್ಲದಷ್ಟು ವಿಷಯ ಆ ಸುಳ್ಳಿನಲ್ಲಿದೆ.

---

ತುಂಗೆದಂಡೆ · ಮಂಗಳವಾರ ಬೆಳಿಗ್ಗೆ 8.05

ಸರ್, ಬೇಜಾರು ಮಾಡ್ಕೋಬೇಡಿ, ನನಗೆ ಹಾಗನ್ನಿಸಲ್ಲ. ನನಗೆ ದೊಡ್ಡವರಿಗೆ ಎದುರು ಮಾತಾಡಿ ಅಭ್ಯಾಸ ಇಲ್ಲ, ಮೊದಲಿಂದಾನೂ. ಅದಕ್ಕೂ ಕ್ಲೈಂಟಿಗೂ ಏನು ಸಂಬಂಧ?

---

ಬರಿಮಾತು · ಮಂಗಳವಾರ ಮಧ್ಯಾಹ್ನ 2.30

ನಾನು ಸೈಕಿಯಾಟ್ರಿಸ್ಟ್, ಓಪಿಡಿ ಮಧ್ಯೆ ಬರೀತಿದ್ದೀನಿ. ಹಳೇಬಾಗಿಲು ಸರ್ ಮೇಲೆ ಗೌರವ ಇದೆ, ಆದ್ರೆ ಈ ಪ್ಯಾರಲಲ್ ಪ್ರೋಸೆಸ್ ಅನ್ನೋದು ಸೂಪರ್‌ವೈಸರ್‌ಗಳಿಗೆ ಸಿಕ್ಕ ಒಳ್ಳೇ ಕೊಡೆ. ಯಾವ ಮಳೆ ಬಂದ್ರೂ ಬಿಚ್ಚಬಹುದು. ಕಿರಿಯರು ‘ನಿಮ್ಮ ಮುಂದೆ ಮಾತಾಡೋಕೆ ಭಯ’ ಅಂದ್ರೆ, ‘ಅದು ನನ್ನದಲ್ಲಮ್ಮ, ನಿನ್ನ ಕ್ಲೈಂಟಿನ ಭಯ’ ಅಂದ್ರಾಯ್ತು. ಮುಗೀತು. ಸೂಪರ್‌ವೈಸರ್ ತನ್ನ ವರ್ತನೆ ನೋಡ್ಕೊಳ್ಳೋ ಗೋಜೇ ಇಲ್ಲ.

ಇಲ್ಲಿ ನಡೀತಿರೋದು ಅಧಿಕಾರದ ವಿಷಯ. ಮುಂದೆ ಒಂದು ಕೆಲಸಕ್ಕೆ ಅರ್ಜಿ ಹಾಕಿದ್ರೆ ರೆಫರೆನ್ಸ್ ಯಾರು ಕೊಡ್ಬೇಕು? ಅದೇ ಮೇಡಂ. ಕೋರ್ಸ್ ಮುಗಿಸೋಕೆ ಲಾಗ್‌ಬುಕ್ಕಿಗೆ ಸಹಿ ಯಾರ್ದು? ಅಂಥದ್ದೇ ಇನ್ನೊಬ್ಬ ಮೇಡಮ್ಮಿಂದು. ಮಾರ್ಕ್ಸ್ ಕೊಡೋ ಕೈಯೇ ‘ಮನಸ್ಸು ಬಿಚ್ಚಿ ಮಾತಾಡು’ ಅಂದ್ರೆ ಯಾರು ಬಿಚ್ತಾರೆ ಮಾರಾಯ್ರೇ? ನಾನು ಪಿಜಿ ಮಾಡೋವಾಗ ನಮ್ಮ ಯೂನಿಟ್ ಚೀಫ್ ಎದುರು ಜ್ವರ ಬಂದಿದೆ ಅಂತ ಕೂಡ ಹೇಳಿದವನಲ್ಲ.

ಇದಕ್ಕೆ ಮನೋವಿಶ್ಲೇಷಣೆ ಬೇಡ. ಮೇಡಂ ಪ್ರತಿ ತಿಂಗಳು ‘ನನ್ನಿಂದ ಏನು ಉಪಯೋಗ ಆಗ್ತಿಲ್ಲ, ಹೇಳು’ ಅಂತ ಕೇಳಬೇಕು. ಒಂದೂವರೆ ವರ್ಷದಲ್ಲಿ ಒಮ್ಮೆಯಾದ್ರೂ ಕೇಳಿದ್ದಾರಾ?

---

ತುಂಗೆದಂಡೆ · ಮಂಗಳವಾರ ಮಧ್ಯಾಹ್ನ 2.51

ಇಲ್ಲ ಸರ್. ಅದನ್ನ ನಾನೂ ಯೋಚಿಸಿರ್ಲಿಲ್ಲ.

---

ನಿರ್ವಾಹಕ · ಮಂಗಳವಾರ ಸಂಜೆ 5.00

ಚರ್ಚೆ ಚೆನ್ನಾಗಿದೆ, ನಡುವೆ ಬಾಯಿ ಹಾಕ್ತಿರೋದಕ್ಕೆ ಕ್ಷಮಿಸಿ. ಮೊದಲ ಬರಹದಲ್ಲಿ ಹೆಸರು ಇರಲಿಲ್ಲ ನಿಜ, ಆದ್ರೆ ಹೋಬಳಿ ಇತ್ತು, ಬೆಳೆ ಇತ್ತು, ಮನೆಯ ವ್ಯಾಜ್ಯ ಇತ್ತು. ಬೆಂಗಳೂರಲ್ಲಾಗಿದ್ರೆ ಅಷ್ಟಕ್ಕೆ ಯಾರೂ ಗೊತ್ತಾಗಲ್ಲ. ನಮ್ಮ ಕಡೆ ಅಷ್ಟು ಸಾಕು, ‘ಓ, ಅವರಾ?’ ಅಂತ ಕನಿಷ್ಠ ನಾಲ್ಕು ಜನ ಅಂತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಗೋಪ್ಯತೆಯನ್ನ ರೋಗಿಯ ಹಕ್ಕು ಅಂತಲೇ ಹೇಳುತ್ತೆ. ದಯವಿಟ್ಟು ತಿದ್ದಿ. ಕಳಲೆ ಇರಲಿ, ಈ ಮಳೆಗಾಲದಲ್ಲಿ ಅದನ್ನ ತಂದುಕೊಡದವರು ಯಾರು.

---

ಓದುಗ_ಹೊಸನಗರ · ಮಂಗಳವಾರ ರಾತ್ರಿ 9.10

ನಾನು ನಿಮ್ಮ ಫೀಲ್ಡಿನವನಲ್ಲ. ಎರಡು ವರ್ಷದಿಂದ ಒಬ್ಬರ ಹತ್ರ ಕೌನ್ಸೆಲಿಂಗಿಗೆ ಹೋಗ್ತಿದ್ದೇನೆ. ಇದನ್ನ ಓದಿ ಎದೆ ಧಸಕ್ ಅಂತು. ನಾವು ಹೇಳಿದ್ದನ್ನ ನೀವು ಇನ್ನೊಬ್ಬರ ಹತ್ರ ಹೇಳ್ತೀರಾ? ನಮ್ಮ ಬಗ್ಗೆ ಪ್ಲಾನ್ ಮಾಡೋದು ನಾವು ನೋಡೇ ಇರದ ಯಾರೋ ಮೇಡಮ್ಮಾ?

---

ಕಾಡುಹಾದಿ · ಮಂಗಳವಾರ ರಾತ್ರಿ 9.48

ಅಣ್ಣಾ, ಈ ಪ್ರಶ್ನೆ ನಮ್ಮ ಹತ್ರ ಮೊದಲ ದಿನವೇ ಬರಬೇಕಿತ್ತು, ಅಂದ್ರೆ ನಾವೇ ಮೊದಲ ದಿನ ಹೇಳಬೇಕಿತ್ತು. ನಾನು ಈಗ ಹೇಳ್ತೀನಿ: ‘ನನಗಿಂತ ಹಿರಿಯರೊಬ್ಬರ ಹತ್ರ ನನ್ನ ಕೆಲಸದ ಬಗ್ಗೆ ಸಲಹೆ ಕೇಳ್ತೀನಿ, ನಿಮ್ಮ ಹೆಸರು ಊರು ಹೇಳಲ್ಲ, ಒಪ್ಪಿಗೇನಾ?’ ಅಂತ. ಬೇಡ ಅಂದವರು ನನ್ನ ಅನುಭವದಲ್ಲಿ ಕಡಿಮೆ. ‘ಒಳ್ಳೇದೇ ಆಯ್ತು, ಇಬ್ಬರ ತಲೆ ಓಡುತ್ತೆ’ ಅಂದವರೂ ಇದ್ದಾರೆ. ನಿಮ್ಮ ಕೌನ್ಸೆಲರ್ ಹತ್ರ ಧೈರ್ಯವಾಗಿ ಕೇಳಿ. ಕೇಳಿದ್ದಕ್ಕೆ ಮುಖ ಊದಿಸಿದ್ರೆ ಅದೂ ಒಂದು ಉತ್ತರವೇ.

---

ಹಳೇಬಾಗಿಲು · ಬುಧವಾರ ಬೆಳಿಗ್ಗೆ 5.55

ಬರಿಮಾತು ಅವರೇ, ನಿಮ್ಮ ಕೊಡೆಯ ಮಾತು ರಾತ್ರಿ ನಿದ್ದೆ ಕೆಡಿಸಿತು. ಅದು ನನಗೇ ತಾಗುವ ಮಾತು.

ಬಹಳ ಹಿಂದೆ ಒಬ್ಬ ಹುಡುಗಿ ನನ್ನ ಬಳಿ ಕೇಸು ತರುತ್ತಿದ್ದಳು. ಅವಳು ಒಂದು ಕೇಸು ಓದಲು ಶುರುಮಾಡಿದರೆ ನನಗೆ ತಡೆಯಲಾಗದ ಆಕಳಿಕೆ. ಮಧ್ಯಾಹ್ನದ ಊಟದ ತೂಕಡಿಕೆ ಎಂದುಕೊಂಡೆ. ಬೆಳಗಿನ ಹೊತ್ತಿಗೆ ಬದಲಾಯಿಸಿದೆ. ಆಗಲೂ ಅದೇ, ಅದೂ ಆ ಒಂದು ಕೇಸಿಗೆ ಮಾತ್ರ. ಕೊನೆಗೆ ನಾಚಿಕೆ ಬಿಟ್ಟು ಹೇಳಿದೆ, ‘ಈ ರೋಗಿಯ ವಿಷಯ ಬಂದರೆ ನನಗೆ ನಿದ್ದೆ ಬರುತ್ತದೆ.’ ಅವಳು ಅಳಲು ಶುರುಮಾಡಿದಳು. ಆ ರೋಗಿಯ ಎದುರು ಕೂತರೆ ಅವಳಿಗೂ ರೆಪ್ಪೆ ಭಾರವಾಗುತ್ತಿತ್ತಂತೆ, ಹೇಳಿಕೊಳ್ಳಲು ಹೆದರಿದ್ದಳು. ರೋಗಿ ತನ್ನ ಸಿಟ್ಟನ್ನೆಲ್ಲ ಅಷ್ಟು ಮೆತ್ತಗೆ ಹೊದಿಸಿಟ್ಟಿದ್ದ ಎಂದು ಆಮೇಲೆ ತಿಳಿಯಿತು. ಸರ್ಲ್ಸ್ ಹೇಳಿದ್ದು ಇದನ್ನೇ, ಸೂಪರ್‌ವೈಸರನ ಮೈಮನಸ್ಸಿನಲ್ಲಿ ಏಳುವುದೂ ಸುದ್ದಿಯೇ ಎಂದು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯ ಸೂಪರ್‌ವೈಸರ್. ನಿಲ್ಲಿಸಲಿಲ್ಲ. ಮುಂದಿನ ವಾರಗಳಲ್ಲಿ ‘ನಿನಗೆ ಸಿಟ್ಟು ಕಂಡರೆ ಭಯ ಯಾಕೆ, ನಿನ್ನ ತಾಯಿ ಹೇಗಿದ್ದರು’ ಎಂದು ಅವಳ ಮನೆಯೊಳಗೆ ನುಗ್ಗಿದೆ. ಅವಳು ಉತ್ತರ ಕೊಡುತ್ತಾ ಹೋದಳು. ಯಾಕೆ ಕೊಟ್ಟಳು? ನೀವು ಹೇಳಿದಿರಲ್ಲ, ಸಹಿ ನನ್ನದಾಗಿತ್ತು. ಒಂದು ದಿನ ಬರುವುದು ನಿಲ್ಲಿಸಿದಳು. ಅವಳಿಗೆ ಹೇಳಬೇಕಾದದ್ದು ‘ಇದನ್ನು ನಿನ್ನ ಸ್ವಂತ ಥೆರಪಿಗೆ ಒಯ್ಯಿ’ ಎಂಬ ಒಂದೇ ಮಾತು.

ಈ ಗಡಿಯ ಜಗಳ ಹಳೆಯದು. 1920ರಲ್ಲಿ ಬರ್ಲಿನ್ನಿನಲ್ಲಿ ಮನೋವಿಶ್ಲೇಷಣೆಯ ಪಾಲಿಕ್ಲಿನಿಕ್ ಶುರುವಾದ ಮೇಲೆ ಮ್ಯಾಕ್ಸ್ ಐಟಿಂಗನ್ ಮೊದಲಾದವರು ತರಬೇತಿಗೆ ಮೂರು ಕಾಲು ನಿಲ್ಲಿಸಿದರು: ಸ್ವಂತ ವಿಶ್ಲೇಷಣೆ (ಕಲಿಯುವವನೇ ಇನ್ನೊಬ್ಬರ ಬಳಿ ಮನೋವಿಶ್ಲೇಷಣೆಗೆ ಒಳಗಾಗುವುದು), ಪಾಠ, ಸೂಪರ್‌ವಿಷನ್. ವಿಶ್ಲೇಷಣೆ ಮಾಡುವವನು ಬೇರೆ, ಕೇಸು ನೋಡುವವನು ಬೇರೆ ಇರಬೇಕು ಎಂದು ಅವರ ವಾದ. ಬುಡಾಪೆಸ್ಟಿನ ಮನೋವಿಶ್ಲೇಷಕರು ಒಪ್ಪಲಿಲ್ಲ, ಮೊದಲ ಕೇಸನ್ನು ಸ್ವಂತ ವಿಶ್ಲೇಷಕನೇ ನೋಡಲಿ ಎಂದರು, ಕಿರಿಯನ ಒಳಗು ಗೊತ್ತಿರುವುದು ಅವನಿಗೇ ಎಂದು. ನನಗೆ ಬುಡಾಪೆಸ್ಟಿನ ವಾದ ಇಷ್ಟ. ಆದರೆ ಆ ಹುಡುಗಿಯ ನಂತರ ನಡೆದದ್ದು ಬರ್ಲಿನ್ ದಾರಿಯಲ್ಲಿ.

---

ಬರಿಮಾತು · ಬುಧವಾರ ಮಧ್ಯಾಹ್ನ 1.40

ಸರ್, ಇಷ್ಟು ನೇರವಾಗಿ ಬರೆದ ಹಿರಿಯರನ್ನ ನಾನು ಕಂಡಿದ್ದು ಕಡಿಮೆ. ಕೊಡೆ ಮಾತು ವಾಪಸ್ ತಗೊಳಲ್ಲ, ಆದ್ರೆ ನಿಮ್ಮ ತಲೆ ಮೇಲಿಂದ ತೆಗೀತೀನಿ.

---

ಸುಳಿಗಾಳಿ · ಬುಧವಾರ ರಾತ್ರಿ 10.20

ಎಲ್ಲರೂ ಬೆಂಗಳೂರು ಬರ್ಲಿನ್ ಅಂತಿದ್ದೀರಿ, ನಮ್ಮ ಕಷ್ಟ ಕೇಳಿ. ನನ್ನ ಸೂಪರ್‌ವೈಸರ್ ಇರೋದು ಇದೇ ಊರಲ್ಲಿ, ಹೆಂಡತಿ ಕಡೆಯಿಂದ ದೂರದ ನೆಂಟರು. ಬೇರೆ ಯಾರೂ ಇಲ್ಲ ಅಂತ ಅವರ ಹತ್ರಾನೇ ಹೋದೆ. ಹೋದ ವೈಶಾಖದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಕೂತಿದ್ದೀನಿ, ಬಲಗಡೆ ಸೂಪರ್‌ವೈಸರ್. ಎದುರು ಸಾಲಲ್ಲಿ ಬಂದು ಕೂತದ್ದು ಯಾರು? ನನ್ನ ಕ್ಲೈಂಟ್, ಹೆಂಡತಿ ಮಕ್ಕಳ ಸಮೇತ. ಅವರು ನನ್ನ ನೋಡಿ ತಲೆ ತಗ್ಗಿಸಿದ್ರು. ನಾನು ಎಲೆ ನೋಡ್ತಾ ಕೂತೆ. ಸೂಪರ್‌ವೈಸರ್ ಮೆಲ್ಲಗೆ ಬಗ್ಗಿ, ‘ಇವರೇನಾ?’ ಅಂದ್ರು.

ಹೌದು ಅನ್ನಲಾ, ಅಲ್ಲ ಅನ್ನಲಾ? ಹೋಳಿಗೆ ಬಡಿಸೋನು ಬಂದು ನನ್ನ ಮಾನ ಉಳಿಸಿದ.

ಅವರು ಕೆಟ್ಟವರಲ್ಲ, ಬಾಯಿ ತಪ್ಪಿ ಬಂತು. ಆದ್ರೆ ಅವತ್ತಿಂದ ಕೇಸ್ ಹೇಳೋವಾಗ ಜಾತಿ, ಊರು, ಉದ್ಯೋಗ ಎಲ್ಲ ಬಿಟ್ಟುಬಿಟ್ಟು ಹೇಳ್ತೀನಿ. ಬಿಟ್ಟರೆ ಉಳಿಯೋದೇನು? ಈ ಸೀಮೆಯಲ್ಲಿ ಒಬ್ಬ ಮನುಷ್ಯನ ಸಂಕಟ ಅವನ ತೋಟ, ಮನೆತನ, ದಾಯಾದಿ ಬಿಟ್ಟು ಬೇರೆ ಎಲ್ಲಿರುತ್ತೆ? ಅದನ್ನೆಲ್ಲ ತೆಗೆದು ಹೇಳಿದ್ರೆ ಸಿಪ್ಪೆ ಕೊಟ್ಟು ಅಡಿಕೆ ಇಟ್ಕೊಂಡ ಹಾಗೆ.

ಈಗ ನಾವು ಮೂರು ತಾಲ್ಲೂಕಿನ ಐದು ಜನ ತಿಂಗಳಿಗೊಂದು ಭಾನುವಾರ ಸೇರ್ತೀವಿ. ಲಂಡನ್ನಿನಲ್ಲಿ 1950ರ ದಶಕದಲ್ಲಿ ಮೈಕೆಲ್ ಬಾಲಿಂಟ್ ಅನ್ನೋ ಮನೋವಿಶ್ಲೇಷಕರು ಜನರಲ್ ಡಾಕ್ಟರ್‌ಗಳನ್ನ ಕೂರಿಸಿ ನಡೆಸ್ತಿದ್ದ ಗುಂಪಿನ ಥರ. ಒಬ್ಬರು ಕೇಸ್ ಹೇಳ್ತಾರೆ, ಉಳಿದವರು ರೋಗದ ಬಗ್ಗೆ ಅಲ್ಲ, ಡಾಕ್ಟರಿಗೂ ರೋಗಿಗೂ ನಡುವೆ ಏನಾಗ್ತಿದೆ ಅನ್ನೋದರ ಬಗ್ಗೆ ಮಾತಾಡ್ತಾರೆ. ಐದೂ ಜನ ಸಮಾನರು, ಸಹಿ ಯಾರದ್ದೂ ಇಲ್ಲ. ಒಂದೇ ತೊಂದರೆ, ಯಾರೂ ಯಾರಿಗೂ ‘ನೀನು ತಪ್ಪು’ ಅನ್ನಲ್ಲ. ಅವಲಕ್ಕಿ ತಿಂದು ಕಾಫಿ ಕುಡಿದು ಎದ್ದು ಬರ್ತೀವಿ ಕೆಲವು ಸಲ.

---

ಕಾಡುಹಾದಿ · ಗುರುವಾರ ಬೆಳಿಗ್ಗೆ 7.30

ಸುಳಿಗಾಳಿ ಅವರೇ, ‘ಇವರೇನಾ?’ ಓದಿ ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ.

ಒಂದು ಮಾತು. ನಾವೆಲ್ಲ ಇದನ್ನ ಗುರು-ಶಿಷ್ಯ ಅಂತಲೇ ಒಳಗೊಳಗೆ ನೋಡ್ತೀವಿ. ಕನ್ನಡದಲ್ಲಿ ಸೂಪರ್‌ವಿಷನ್‌ಗೆ ಮೇಲ್ವಿಚಾರಣೆ ಅಂತ ಬರೀತಾರೆ, ನನಗಂತೂ ರಸ್ತೆ ಕೆಲಸದ ಮೇಸ್ತ್ರಿ ಕಣ್ಮುಂದೆ ಬರ್ತಾನೆ. ಹಾಗಾಗಿ ಗುರು ಅನ್ನೋದೇ ಹಿತ. ಜೆ.ಎಸ್. ನೇಕಿ ಅನ್ನೋ ಸೈಕಿಯಾಟ್ರಿಸ್ಟ್ 1973ರಲ್ಲಿ ಗುರು-ಚೇಲಾ ಸಂಬಂಧ ನಮ್ಮ ಜನಕ್ಕೆ ಹೊಂದುವ ಥೆರಪಿಯ ಮಾದರಿ ಆಗಬಹುದಾ ಅಂತ ಬರೆದಿದ್ರು. ಅವರು ಹೇಳಿದ್ದು ಥೆರಪಿಗೆ. ಸೂಪರ್‌ವಿಷನ್ನಿಗೆ ಅದನ್ನ ಹಾಗೇ ತಂದ್ರೆ ತೊಡಕು ಅಂತ ನನ್ನ ಅನಿಸಿಕೆ. ಗುರುವಿನ ಹತ್ರ ಶಿಷ್ಯ ತನ್ನನ್ನ ಒಪ್ಪಿಸಿಕೊಳ್ಳಬಹುದು, ಕ್ಲೈಂಟನ್ನ ಒಪ್ಪಿಸೋ ಹಕ್ಕು ಅವನಿಗಿಲ್ಲ.

ತುಂಗೆದಂಡೆಗೆ ಒಂದು ಸಲಹೆ. ಬೋರ್ಡಿನ್ ಅಂತ ಒಬ್ಬ ಸೈಕಾಲಜಿಸ್ಟ್ 1983ರಲ್ಲಿ ಹೇಳಿದ್ದು, ಸೂಪರ್‌ವಿಷನ್ ನಿಲ್ಲೋದು ಮೂರರ ಮೇಲೆ: ಏನು ಸಾಧಿಸಬೇಕು ಅನ್ನೋದರಲ್ಲಿ ಒಪ್ಪಂದ, ಅದಕ್ಕೆ ಏನೇನು ಮಾಡಬೇಕು ಅನ್ನೋದರಲ್ಲಿ ಒಪ್ಪಂದ, ಆಮೇಲೆ ಒಬ್ಬರ ಮೇಲೊಬ್ಬರಿಗೆ ನಂಟು. ನಿಮ್ಮಲ್ಲಿ ಮೂರನೇದು ಚೆನ್ನಾಗೇ ಇದೆ. ಮೊದಲ ಎರಡು ಯಾವತ್ತಾದ್ರೂ ಮಾತಾಡಿದ್ದೀರಾ? ಅಲ್ಲಿಂದ ಶುರು ಮಾಡಿದ್ರೆ ಸುಳ್ಳಿನ ವಿಷಯಕ್ಕೆ ಬರೋದು ಸುಲಭ.

---

ಬರಿಮಾತು · ಗುರುವಾರ ಮಧ್ಯಾಹ್ನ 2.05

ಸುಲಭ ಅಲ್ಲ. ಸುತ್ತಿ ಬಳಸಿ ಹೋದ್ರೆ ಮತ್ತೆ ‘ಹೂಂ ಮೇಡಂ’ಗೇ ಬಂದು ನಿಲ್ತಾರೆ. ಮೊದಲ ವಾಕ್ಯವೇ ‘ನಾನು ಸುಳ್ಳು ಹೇಳಿದ್ದೆ’ ಅಂತಿರಲಿ. ಯಾಕಂದ್ರೆ ಅವಸರ ಇದೆ. ಆ ಕಟ್ಟಿದ ಡೈಲಾಗಿನ ಮೇಲೆ ಮೂರು ಸೆಷನ್ ಪ್ಲಾನ್ ನಿಂತಿದೆ. ಔಷಧಿ ವಿಷಯದಲ್ಲಿ ಹೀಗೆ ಮಾಡಿದ್ರೆ, ಇಲ್ಲದ ಬ್ಲಡ್ ರಿಪೋರ್ಟ್ ನೋಡಿ ಡೋಸ್ ಏರಿಸಿದ ಹಾಗೆ.

---

ತುಂಗೆದಂಡೆ · ಹತ್ತು ದಿನದ ನಂತರ, ಭಾನುವಾರ ರಾತ್ರಿ 11.30

ಹೇಳಿದೆ.

ಬರಿಮಾತು ಸರ್ ಹೇಳಿದ ಹಾಗೆ ಮೊದಲ ವಾಕ್ಯಾನೇ ಅದು. ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿಕೊಂಡಿದ್ದೆ. ಕಣ್ಣುಮುಚ್ಚಿ ಎಲ್ಲ ಹೇಳಿದೆ, ಎತ್ತದೇ ಇದ್ದದ್ದು, ಡೈಲಾಗ್ ಕಟ್ಟಿದ್ದು, ಕಳಲೆ. ಕಣ್ಣು ಬಿಟ್ಟು ನೋಡಿದ್ರೆ ಮೇಡಂ ಮುಖ ಅಲುಗಾಡ್ತಿಲ್ಲ. ಸಿಟ್ಟು ಬಂತೇನೋ ಅನ್ಕೊಂಡೆ. ಅಲ್ಲ, ಕರೆಂಟ್ ಹೋಗಿ ನೆಟ್ ಸತ್ತಿತ್ತು! ಎರಡು ದಿನದಿಂದ ಇಲ್ಲಿ ಎಂಥ ಮಳೆ ಅಂತ ನಿಮಗೆ ಗೊತ್ತಲ್ಲ.

ಇಪ್ಪತ್ತು ನಿಮಿಷ ಆದ್ಮೇಲೆ ಮೊಬೈಲಿಂದ ಕಾಲ್ ಮಾಡಿದೆ. ‘ನೀನು ಸುಳ್ಳು ಅಂದಿದ್ದು ಮಾತ್ರ ಕೇಳಿಸ್ತು, ಯಾವುದು?’ ಅಂದ್ರು. ಮತ್ತೆ ಮೊದಲಿಂದ ಹೇಳಬೇಕಾಯ್ತು. ಎರಡನೇ ಸಲ ಬೇರೆ ಥರ ಬಂತು. ಮೊದಲ ಸಲ ಬರೀ ತಪ್ಪೊಪ್ಪಿಗೆ. ಈ ಸಲ, ‘ನೀವು ಹೇಳಿದ್ದನ್ನ ಮಾಡೋಕೆ ನನಗೆ ಇಷ್ಟ ಇರ್ಲಿಲ್ಲ, ಅವರಿಗೆ ಅದು ಇನ್ನೂ ಬೇಗ ಆಯ್ತು ಅನ್ನಿಸ್ತಿತ್ತು, ಅದನ್ನ ನಿಮಗೆ ಹೇಳೋಕಾಗ್ಲಿಲ್ಲ’ ಅಂತ ಬಾಯಿಗೆ ಬಂತು. ಹೇಳೋವರೆಗೂ ನನಗೇ ಗೊತ್ತಿರ್ಲಿಲ್ಲ ಅದು.

ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಅಂದ್ರು, ‘ಆ ಡೈಲಾಗ್ ಕೇಳಿದಾಗಲೇ ಅನುಮಾನ ಬಂದಿತ್ತು. ಸಿನಿಮಾದಲ್ಲಿ ಬಂದ ಹಾಗಿತ್ತು. ಅಷ್ಟು ದಿನ ನೀನು ಹೇಳಿದ್ದ ಮನುಷ್ಯ ಆ ಥರ ಮಾತಾಡೋರಲ್ಲ.’ ‘ಮತ್ತೆ ಯಾಕೆ ಕೇಳಲಿಲ್ಲ ಮೇಡಂ?’ ಅಂದೆ. ‘ಕೇಳಿದ್ರೆ ನಿನಗೆ ನೋವಾಗುತ್ತೇನೋ ಅಂತ. ಸುಮ್ಮನೆ ಬರ್ಕೊಂಡೆ.’

ಹಳೇಬಾಗಿಲು ಸರ್, ಅಲ್ಲಿಗೆ ನಿಮ್ಮ ಮಾತು ಒಪ್ಪಿದೆ. ಅವರೂ ‘ಹೂಂ’ ಅಂತಿದ್ರು.

ಎಲ್ಲ ಸರಿ ಹೋಯ್ತು ಅಂತಲ್ಲ. ನನಗೆ ಸಿಟ್ಟು ಇನ್ನೂ ಇದೆ. ಅನುಮಾನ ಬಂದಮೇಲೂ ಪ್ಲಾನ್ ಹೇಳಿದ್ರಲ್ಲ! ಅದನ್ನ ಇನ್ನೂ ಹೇಳಿಲ್ಲ, ಮುಂದಿನ ಸಲಕ್ಕೆ ಚೀಟಿ ಬರೆದಿಟ್ಟಿದ್ದೀನಿ. ಇನ್ಮೇಲೆ ಕ್ಲೈಂಟ್ ಒಪ್ಪಿದ್ರೆ ಒಂದೆರಡು ಸೆಷನ್ ರೆಕಾರ್ಡ್ ಮಾಡಿ ಕೇಳಿಸು ಅಂದಿದ್ದಾರೆ. ‘ಯೋಚಿಸಿ ಹೇಳ್ತೀನಿ’ ಅಂದೆ. ಒಂದೂವರೆ ವರ್ಷದಲ್ಲಿ ಮೊದಲ ಸಲ ‘ಹೂಂ’ ಅನ್ನದೇ ಇದ್ದದ್ದು.

ಕ್ಲೈಂಟ್ ಬಗ್ಗೆ ಇಲ್ಲಿ ಇನ್ನು ಬರೆಯಲ್ಲ.

---

ಕಾಡುಹಾದಿ · ಭಾನುವಾರ ರಾತ್ರಿ 11.52

ಶಭಾಷ್. ಕಳಲೆಗೆ ಏನಂದ್ರು ಮೇಡಂ?

---

ತುಂಗೆದಂಡೆ · ಭಾನುವಾರ ರಾತ್ರಿ 11.58

‘ಎಷ್ಟು ದಿನ ನೀರಲ್ಲಿ ಹಾಕಿದ್ದೆ?’ ಅಂದ್ರು. ಮೂರು ದಿನ, ದಿನಾ ನೀರು ಬದಲಾಯಿಸಿ, ಅಂದೆ. ‘ಅಷ್ಟೂ ದಿನ ಅಡಿಗೆಮನೆಗೆ ಹೋದಾಗೆಲ್ಲ ಅವರ ನೆನಪು ಬರ್ತಿತ್ತಾ?’ ಅಂದ್ರು.

ಬರ್ತಿತ್ತು. ಮುಂದಿನ ಸಲ ಅಲ್ಲಿಂದಲೇ ಶುರು.